ಡೇಟ್ ತಪ್ಪಿದೆ, ಟೆಸ್ಟ್ ನೆಗೆಟಿವ್ ಬಂದಿದೆ: ಈಗ ಏನು ಮಾಡಬೇಕು?

ಕೆಂಗೇರಿ_ಪಿಜಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ವಯಸ್ಸು 23, ಮದುವೆ ಆಗಿಲ್ಲ. ಊರು ಹಾವೇರಿ ಕಡೆ, ಕೆಲಸ ಬೆಂಗಳೂರಿನಲ್ಲಿ, ಹೆಚ್ಚಾಗಿ ನೈಟ್ ಶಿಫ್ಟ್. ಒಬ್ಬ ಹುಡುಗನ ಜೊತೆ ವರ್ಷದಿಂದ ಸಂಬಂಧದಲ್ಲಿದ್ದೇನೆ.

ಹೋದ ತಿಂಗಳು ಕಾಂಡೋಮ್ ಹರಿದು ಹೋಯಿತು. ಮರುದಿನ ಬೆಳಿಗ್ಗೆಯೇ ಮೆಡಿಕಲ್ ಶಾಪಿನಿಂದ 72 ಗಂಟೆಯ ಮಾತ್ರೆ ತಂದು ನುಂಗಿದೆ. ನನಗೆ 30 ದಿನಕ್ಕೊಮ್ಮೆ ಮುಟ್ಟಾಗುತ್ತದೆ, ಒಂದೆರಡು ದಿನ ಹಿಂದೆ ಮುಂದೆ ಅಷ್ಟೇ. ಈ ಸಲ ಡೇಟ್ ದಾಟಿ ಒಂದು ವಾರದ ಮೇಲಾಯಿತು. ಡೇಟ್ ತಪ್ಪಿದ ಕೂಡಲೇ ಕಿಟ್ ತಂದು ನೋಡಿದೆ, ಒಂದೇ ಗೆರೆ. ಎದೆ ಬಿಗಿಯಾಗಿದೆ, ಕೆಳಹೊಟ್ಟೆ ಭಾರ, ಈಗ ಆಗುತ್ತೆ ಆಗುತ್ತೆ ಅನಿಸುತ್ತದೆ, ಆದರೆ ಆಗುತ್ತಿಲ್ಲ.

ರೂಮ್‌ಮೇಟ್ ಪಪ್ಪಾಯಿ ತಿನ್ನು ಅಂತಾಳೆ. ಆಸ್ಪತ್ರೆಗೆ ಹೋದರೆ ಮದುವೆ ಆಗಿದೆಯಾ ಅಂತ ಕೇಳುತ್ತಾರೆ, ಮನೆಗೆ ಫೋನ್ ಮಾಡುತ್ತಾರೆ ಅನ್ನೋ ಹೆದರಿಕೆ. ನಿದ್ದೆ ಬರುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಅಕ್ಕ_ತುಮಕೂರು

ಹೆದರಬೇಡ ಕಣಮ್ಮ. ನಮ್ಮಜ್ಜಿ ಕಾಲದಿಂದ ಇದಕ್ಕೆ ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿ ಕೊಡ್ತಿದ್ರು. ಬೆಳಿಗ್ಗೆ ಒಂದು, ರಾತ್ರಿ ಒಂದು ತಿನ್ನು. ಅರೆಹಣ್ಣು ಪಪ್ಪಾಯಿನೂ ಆಗುತ್ತೆ. ಅದಕ್ಕೂ ಆಗದಿದ್ದರೆ ಮೆಡಿಕಲ್‌ನಲ್ಲಿ ಮುಟ್ಟು ಬರೋ ಮಾತ್ರೆ ಅಂತ ಕೇಳು, ಕೊಡ್ತಾರೆ.

ಸಿಸ್ಟರ್_ದಾವಣಗೆರೆ

ನಾನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸ್ಟಾಫ್ ನರ್ಸ್. ಅಕ್ಕ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಎಳ್ಳುಂಡೆ ಒಳ್ಳೆಯ ತಿಂಡಿ, ತಿನ್ನಲಿ. ಪಪ್ಪಾಯಿಯೂ ಒಳ್ಳೆಯ ಹಣ್ಣೇ. ಆದರೆ ಇವೆರಡರಿಂದ ನಿಂತ ಮುಟ್ಟು ಬರುವುದಿಲ್ಲ. ಗರ್ಭ ನಿಂತಿದ್ದರೆ ಅದೂ ಹೋಗುವುದಿಲ್ಲ. ಆಗುವ ನಷ್ಟ ಏನೆಂದರೆ ದಿನಗಳು ಕಳೆದುಹೋಗುತ್ತವೆ. ಇನ್ನು ಆ "ಮುಟ್ಟು ಬರೋ ಮಾತ್ರೆ" ಮಾತ್ರ ಖಂಡಿತ ಬೇಡ. ಗರ್ಭಿಣಿಯೋ ಅಲ್ಲವೋ ಅಂತ ಗೊತ್ತಾಗುವ ತನಕ ಮುಟ್ಟು ತರಿಸಲು ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು. ಈ ಒಂದು ಮಾತಿಗಾಗಿಯೇ ನಾನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಿಮ್ಮ ವಿಷಯ. 72 ಗಂಟೆಯ ಮಾತ್ರೆಯಲ್ಲಿ ಇರುವುದು ಲೆವೊನಾರ್ಜೆಸ್ಟ್ರೆಲ್, 1.5 ಮಿಲಿಗ್ರಾಂ. ಅದು ಗರ್ಭಪಾತದ ಮಾತ್ರೆ ಅಲ್ಲ. ಅಂಡಾಣು ಹೊರಬರುವುದನ್ನು ಮುಂದೂಡುವುದೇ ಅದರ ಕೆಲಸ. ಅದಕ್ಕೇ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಅಂಡಾಣು ಬಂದ ಮೇಲೆ ಮುಟ್ಟಾಗಲು ಸುಮಾರು 14 ದಿನ ಬೇಕು. ಈ 14 ದಿನ ಅಷ್ಟಾಗಿ ಬದಲಾಗುವುದಿಲ್ಲ. ಹಿಂದೆ ಮುಂದೆ ಆಗುವುದು ಅದಕ್ಕಿಂತ ಮೊದಲಿನ ದಿನಗಳು. ಅಂದರೆ ಅಂಡಾಣು ತಡವಾದರೆ ಮುಟ್ಟೂ ಅಷ್ಟೇ ತಡ. ಈ ಮಾತ್ರೆ ತೆಗೆದುಕೊಂಡ ತಿಂಗಳು ಡೇಟ್ ಒಂದು ವಾರ ಆಚೀಚೆ ಆಗುವುದು ಮಾಮೂಲು. ವಾರ ದಾಟಿದರೆ ಮತ್ತೆ ಟೆಸ್ಟ್ ಮಾಡಲೇಬೇಕು.

ಮೊದಲ ಟೆಸ್ಟ್ ಬೇಗ ಮಾಡಿದ್ದೀರಿ ಅನಿಸುತ್ತದೆ. ಕಿಟ್ ಹುಡುಕುವುದು ಎಚ್‌ಸಿಜಿ ಅನ್ನೋ ಹಾರ್ಮೋನನ್ನು. ಗರ್ಭವು ಗರ್ಭಕೋಶದ ಗೋಡೆಗೆ ಕಚ್ಚಿಕೊಂಡ ಮೇಲೆ ಮಾತ್ರ ಅದು ಬರುತ್ತದೆ, ಆಮೇಲೆ ಸುಮಾರು ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಆದ್ದರಿಂದ ಡೇಟ್ ಹಿಡಿದು ಲೆಕ್ಕ ಹಾಕಬೇಡಿ. ಕೊನೆಯ ಸಲ ಸೇರಿದ ದಿನದಿಂದ 21 ದಿನ ಎಣಿಸಿ. ಅದಾದ ಮೇಲೂ ನೆಗೆಟಿವ್ ಅಂದರೆ ನಂಬಬಹುದು.

ಮಾಡುವ ಕ್ರಮ: ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರ, ಒಣ ಲೋಟದಲ್ಲಿ. ಪ್ಯಾಕೆಟ್ ಮೇಲಿನ ಎಕ್ಸ್‌ಪೈರಿ ನೋಡಿಕೊಂಡು ಆಗಲೇ ಒಡೆಯಿರಿ. ಪ್ಯಾಕೆಟ್‌ನಲ್ಲಿ ಎಷ್ಟು ಹನಿ ಅಂತ ಬರೆದಿದೆಯೋ ಅಷ್ಟೇ ಹಾಕಿ, ಸಾಮಾನ್ಯವಾಗಿ ಎರಡು ಮೂರು ಹನಿ. ಬೆಳಕಿನಲ್ಲಿ ಇಟ್ಟು ಐದು ನಿಮಿಷಕ್ಕೆ ನೋಡಿ. 'ಸಿ' ಹತ್ತಿರ ಗೆರೆ ಬರಲೇಬೇಕು, ಬರದಿದ್ದರೆ ಕಿಟ್ಟೇ ಕೆಟ್ಟಿದೆ. 'ಟಿ' ಹತ್ತಿರ ಎಷ್ಟೇ ಮಸುಕಾಗಿ ಗೆರೆ ಬಂದರೂ ಅದು ಪಾಸಿಟಿವ್. ಆದರೆ ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ತೆಗೆದು ನೋಡಿದಾಗ ಕಾಣುವ ಬೂದು ಗೆರೆಗೆ ಅರ್ಥ ಇಲ್ಲ.

ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಮಾತ್ರೆ ತೆಗೆದುಕೊಂಡ ಮೇಲೆ ಮತ್ತೆ ಸೇರಿದ್ದೀರಾ?

ನಿರ್ವಾಹಕರು

ಯಾರೂ ನಿಜವಾದ ಹೆಸರು, ಫೋನ್ ನಂಬರ್, ರಿಪೋರ್ಟಿನ ಫೋಟೋ ಹಾಕಬೇಡಿ. ಈ ಚರ್ಚೆಯಲ್ಲಿ ಬರೆದ ಹೆಣ್ಣುಮಕ್ಕಳಿಗೆ ಖಾಸಗಿ ಮೆಸೇಜ್ ಕಳಿಸಿದ ಇಬ್ಬರನ್ನು ಈಗಾಗಲೇ ತೆಗೆದುಹಾಕಿದ್ದೇವೆ.

ಕೆಂಗೇರಿ_ಪಿಜಿ

ಸಿಸ್ಟರ್, ತುಂಬಾ ಥ್ಯಾಂಕ್ಸ್. ಹೌದು, ಸುಮಾರು ಹತ್ತು ದಿನದ ನಂತರ ಒಂದು ಸಲ. ಕಾಂಡೋಮ್ ಇರಲಿಲ್ಲ, ಆದರೆ ಅವನು ಹೊರಗೇ ತೆಗೆದಿದ್ದ. ಮಾತ್ರೆ ತೆಗೆದುಕೊಂಡಿದ್ದೀನಲ್ಲ, ಆ ತಿಂಗಳು ಪರವಾಗಿಲ್ಲ ಅಂದುಕೊಂಡಿದ್ದೆವು.

ಸಿಸ್ಟರ್_ದಾವಣಗೆರೆ

ಬಹಳ ಜನ ಹೀಗೇ ತಿಳಿದಿರುತ್ತಾರೆ, ಅದಕ್ಕೇ ಕೇಳಿದೆ. ಆ ಮಾತ್ರೆ ಹಿಂದೆ ಆದದ್ದಕ್ಕೆ ಮಾತ್ರ, ಮುಂದಿನದಕ್ಕೆ ಅಲ್ಲ. ಅಂಡಾಣು ಮುಂದಕ್ಕೆ ಹೋಗಿರುವುದರಿಂದ ಆಮೇಲಿನ ದಿನಗಳಲ್ಲೇ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು. ಹೊರಗೆ ತೆಗೆಯುವುದನ್ನು ನಂಬುವ ಹಾಗಿಲ್ಲ.

ನಾಳೆ ಬೆಳಿಗ್ಗೆ ಒಂದು ಟೆಸ್ಟ್ ಮಾಡಿ, ಕಾಂಡೋಮ್ ಹರಿದ ದಿನದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಎರಡನೇ ಸಲದ್ದಕ್ಕೆ 21 ದಿನ ತುಂಬಲು ಇನ್ನೂ ಒಂದು ವಾರ ಇದೆ, ಆಗ ಇನ್ನೊಂದು ಮಾಡಿ. ಕಿಟ್ ಕೊಳ್ಳಲು ಮುಜುಗರ ಆದರೆ ಸರ್ಕಾರದ 'ನಿಶ್ಚಯ್' ಕಿಟ್ ಆಶಾ ಕಾರ್ಯಕರ್ತೆಯರ ಹತ್ತಿರ, ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ.

ಈ ನಡುವೆ ಒಂದು ಕಡೆ ಜೋರು ಹೊಟ್ಟೆನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ಕಪ್ಪಗೆ ಸ್ವಲ್ಪ ಸ್ವಲ್ಪ ರಕ್ತ, ಇವುಗಳಲ್ಲಿ ಯಾವುದೇ ಬಂದರೂ ಕಾಯಬೇಡಿ, ರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಿ.

ಮಲೆನಾಡ_ಮಳೆ

ನನ್ನದು ಇನ್ನೊಂದು ಕಥೆ. 19ನೇ ವಯಸ್ಸಿನಿಂದಲೂ ನನಗೆ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು. ಗದ್ದದ ಮೇಲೆ ಗಡಸು ಕೂದಲು, ಮೊಡವೆ, ಕುತ್ತಿಗೆ ಹಿಂದೆ ಕಪ್ಪು. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಸ್ಕ್ಯಾನ್ ನೋಡಿ "ನೀರುಗುಳ್ಳೆ ಇದೆ, ಮದುವೆ ಮಾಡಿ, ಎಲ್ಲಾ ಸರಿಹೋಗುತ್ತೆ" ಅಂತ ಅಮ್ಮನ ಹತ್ತಿರ ಹೇಳಿ ಕಳಿಸಿದರು. ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ಆ ಸಿಟ್ಟು ಈಗಲೂ ಇದೆ. ಮದುವೆಯಿಂದ ಹಾರ್ಮೋನ್ ಸರಿಹೋಗುವುದಿಲ್ಲ.

ಆಮೇಲೆ ಸಿಕ್ಕ ಡಾಕ್ಟರ್ ಸರಿಯಾಗಿ ವಿವರಿಸಿದರು. ನನಗಿರುವುದು ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬರದಿರುವ ತೊಂದರೆ. ಪಿಸಿಒಎಸ್ ಅನ್ನಲು ಬರೀ ಸ್ಕ್ಯಾನ್ ಸಾಲದು. ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿ ಇರುವ ಲಕ್ಷಣ, ಸ್ಕ್ಯಾನ್‌ನಲ್ಲಿ ಅಂಡಾಶಯದ ಆ ರೂಪ, ಈ ಮೂರರಲ್ಲಿ ಎರಡು ಇರಬೇಕು. ಅದೂ ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡಿ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ. ಆ "ಗುಳ್ಳೆ"ಗಳು ಗೆಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡಾಣುಗಳ ಚೀಲಗಳು. ಮೂರು ತಿಂಗಳಿಗಿಂತ ಜಾಸ್ತಿ ಮುಟ್ಟಾಗದೆ ಬಿಡಬಾರದು, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ ಅಂದರು. ಸಕ್ಕರೆ ಕಾಯಿಲೆಯ ಟೆಸ್ಟ್ ಕೂಡ ಮಾಡಿಸಿದರು.

ಇಲ್ಲಿ ಓದುವ ಪಿಸಿಒಎಸ್ ಇರುವ ಹುಡುಗಿಯರಿಗೆ ಒಂದು ಮಾತು. "ನಂಗೆ ಹೇಗೂ ಡೇಟ್ ಸರಿ ಇಲ್ಲ, ಗರ್ಭ ನಿಲ್ಲಲ್ಲ ಬಿಡು" ಅಂದುಕೊಳ್ಳಬೇಡಿ. ಅಂಡಾಣು ಬರುವುದು ಅಪರೂಪ ಇರಬಹುದು, ಬರುವುದೇ ಇಲ್ಲ ಅಂತಲ್ಲ. ಯಾವಾಗ ಬರುತ್ತದೆ ಅಂತ ಗೊತ್ತಾಗುವುದಿಲ್ಲ, ಅಷ್ಟೇ. ಹಾಗೇ ಮುಟ್ಟು ನಿಂತಾಗೆಲ್ಲ "ಇದು ಪಿಸಿಒಎಸ್ಸೇ" ಅಂತ ಸುಮ್ನೆ ಕೂರಬೇಡಿ. ಸಂಬಂಧದಲ್ಲಿದ್ದರೆ ಮೊದಲು ಟೆಸ್ಟ್.

ಅಕ್ಕ_ತುಮಕೂರು

ಸಿಸ್ಟರ್ ಹೇಳಿದ್ದನ್ನು ಒಪ್ಪಿಕೊಂಡೆ. ಆದರೂ ನನಗೆ ಅನಿಸೋದು, ಮನೇಲಿ ಅಮ್ಮನಿಗೆ ಹೇಳಿದರೆ ಒಳ್ಳೆಯದಲ್ವಾ? ಬೈತಾಳೆ ನಿಜ. ಆದರೆ ಕೈ ಬಿಡಲ್ಲ.

ಮಲೆನಾಡ_ಮಳೆ

ಎಲ್ಲರ ಮನೆಯೂ ಒಂದೇ ತರಹ ಇರುವುದಿಲ್ಲ ಅಕ್ಕ. ನನ್ನ ಗೆಳತಿಯೊಬ್ಬಳ ಓದನ್ನೇ ನಿಲ್ಲಿಸಿ ಊರಿಗೆ ಕರೆದುಕೊಂಡು ಹೋದರು. ಯಾರಿಗೆ ಹೇಳಬೇಕು ಅನ್ನೋದನ್ನು ಆಕೆಯೇ ನಿರ್ಧರಿಸಲಿ. ಒಬ್ಬರಿಗಾದರೂ ಹೇಳಿರಲಿ, ಅಷ್ಟು ಸಾಕು.

ಹಬ್ಬದ_ಗಡಿಬಿಡಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಮದುವೆ ಆಗಿದೆ, 26. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಟ್ಟು ಮುಂದೂಡಲು ಅತ್ತೆ ಮಾತ್ರೆ ತಂದುಕೊಟ್ಟರು. ನಿಲ್ಲಿಸಿ ಹತ್ತು ದಿನ ಆಯಿತು, ಇನ್ನೂ ಆಗಿಲ್ಲ. ಆ ಮಾತ್ರೆ ತೆಗೆದುಕೊಳ್ಳುವಾಗ ಗರ್ಭ ನಿಲ್ಲುವುದಿಲ್ಲ ಅಲ್ವಾ?

ಸಿಸ್ಟರ್_ದಾವಣಗೆರೆ

ನಿಲ್ಲಬಹುದು. ಅದು ನಾರೆಥಿಸ್ಟೆರೋನ್. ಹಬ್ಬಕ್ಕೆ ಅಂತ ನಾಲ್ಕೈದು ದಿನ ತೆಗೆದುಕೊಂಡರೆ ಅದು ಗರ್ಭನಿರೋಧಕ ಆಗುವುದಿಲ್ಲ. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಹತ್ತು ದಿನ ಅಂದರೆ ನಾಳೆಯೇ ಟೆಸ್ಟ್ ಮಾಡಿ. ಶ್ರಾವಣ ಬಂತೆಂದರೆ ನಮ್ಮ ಊರಿನ ಮೆಡಿಕಲ್ ಶಾಪ್‌ಗಳಲ್ಲಿ ಈ ಮಾತ್ರೆ ಚೀಟಿ ಇಲ್ಲದೆ ಓಡುತ್ತದೆ. ಹಿಂದೆ ಯಾವಾಗಲಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು ಇದನ್ನು ಮುಟ್ಟಲೇಬಾರದು. ಹಬ್ಬಕ್ಕಾಗಿ ಆ ಅಪಾಯ ಬೇಕಾ ಅಂತ ಅತ್ತೆಯನ್ನೂ ಒಂದು ಮಾತು ಕೇಳಿ.

ಬೀದರ್_ಹುಡುಗ

ಇದು ಹೆಂಗಸರ ಚರ್ಚೆ ಅಂತ ಗೊತ್ತು. ಆದರೂ ಕೇಳಲೇಬೇಕು. ನನ್ನ ಗೆಳತಿಯ ಡೇಟ್ 12 ದಿನ ತಪ್ಪಿದೆ, ಟೆಸ್ಟ್ ಪಾಸಿಟಿವ್. ಇಬ್ಬರಿಗೂ 22. ಅವಳು ಮುಂದುವರಿಸಲು ಇಷ್ಟಪಡುತ್ತಿಲ್ಲ. ಪರಿಚಯದ ಮೆಡಿಕಲ್‌ನವರು ಐದು ಮಾತ್ರೆಯ ಕಿಟ್ ಕೊಡುತ್ತೇನೆ, ರೂಮಲ್ಲೇ ಮುಗಿಸಿ ಅಂತಿದ್ದಾರೆ. ತರಲಾ?

ಸಿಸ್ಟರ್_ದಾವಣಗೆರೆ

ತರಬೇಡಪ್ಪ. ಕೇಳಿದ್ದು ಒಳ್ಳೆಯದಾಯಿತು.

ಆ ಕಿಟ್‌ನಲ್ಲಿ ಮಿಫೆಪ್ರಿಸ್ಟೋನ್ ಒಂದು, ಮಿಸೊಪ್ರೊಸ್ಟಾಲ್ ನಾಲ್ಕು ಇರುತ್ತವೆ. ಔಷಧಿ ಒಳ್ಳೆಯದೇ, ನಾವೂ ಅದನ್ನೇ ಕೊಡುವುದು. ನಮ್ಮ ದೇಶದಲ್ಲಿ 9 ವಾರದವರೆಗೆ, ಅದೂ ಡಾಕ್ಟರ್ ಚೀಟಿಯ ಮೇಲೆ ಮಾತ್ರ. ಚೀಟಿ ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯನ್ನು ಹಾಸ್ಟೆಲ್ ಗೆಳತಿಯರು ಆಟೋದಲ್ಲಿ ಕರೆತಂದರು. ಬಟ್ಟೆ ಒಗೆಯುತ್ತಿದ್ದವಳು ಹಾಗೇ ಕುಸಿದಿದ್ದಳು. ತುಟಿ ಬೆಳ್ಳಗಾಗಿತ್ತು, ನಾಡಿ ಸಿಗುವುದೇ ಕಷ್ಟವಾಗಿತ್ತು. ಹೊಟ್ಟೆನೋವಿನ ಮಾತೇ ಇಲ್ಲ, "ಸಿಸ್ಟರ್, ಭುಜ ನೋವು, ಭುಜ ನೋವು" ಅಂತಿದ್ದಳು. ಒಳಗೆ ಸೋರಿದ ರಕ್ತ ಎದೆ ಹೊಟ್ಟೆ ನಡುವಿನ ಪರದೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ಎರಡು ವಾರದ ಹಿಂದೆ ಆಕೆ ಕಿಟ್ ತೆಗೆದುಕೊಂಡಿದ್ದಳು. ರಕ್ತ ಹೋಗಿತ್ತು, ಎಲ್ಲಾ ಮುಗಿಯಿತು ಅಂದುಕೊಂಡಿದ್ದಳು. ಗರ್ಭ ಇದ್ದದ್ದು ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ. ಅಲ್ಲಿ ನಿಂತ ಗರ್ಭಕ್ಕೆ ಆ ಮಾತ್ರೆ ಕೆಲಸ ಮಾಡುವುದಿಲ್ಲ. ರಕ್ತ ಹೋಯಿತು ಅಂದ ಮಾತ್ರಕ್ಕೆ ಗರ್ಭ ಹೋಯಿತು ಅಂತಲೂ ಅಲ್ಲ. ಆಪರೇಷನ್ ಮಾಡಿ, ರಕ್ತ ಕೊಟ್ಟು ಉಳಿಸಿದೆವು. ಡಿಸ್ಚಾರ್ಜ್ ದಿನ ಆಕೆ ಕೇಳಿದ ಮೊದಲ ಪ್ರಶ್ನೆ, "ಕಾಲೇಜಿಗೆ ಗೊತ್ತಾಗುತ್ತಾ?"

ಅದಕ್ಕೇ ಮೊದಲು ಡಾಕ್ಟರ್ ನೋಡಬೇಕು. ಎಷ್ಟು ವಾರ, ಗರ್ಭ ಎಲ್ಲಿದೆ, ರಕ್ತ ಎಷ್ಟಿದೆ, ರಕ್ತದ ಗುಂಪು ಯಾವುದು, ಇಷ್ಟು ಗೊತ್ತಾಗಬೇಕು. ನೆಗೆಟಿವ್ ಗುಂಪಾದರೆ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಅವರು ಹೇಳುತ್ತಾರೆ. ಮಾತ್ರೆ ತೆಗೆದುಕೊಂಡ ಮೇಲೆ ಒಂದೇ ಗಂಟೆಯಲ್ಲಿ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಮುಂದಿನ ಗಂಟೆಯೂ ಹಾಗೇ ಆದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಒಂದು ದಿನ ದಾಟಿಯೂ ಜ್ವರ ಬಿಡದಿದ್ದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಕೂಡ. ಎರಡು ವಾರಕ್ಕೆ ತಪ್ಪದೆ ಮತ್ತೆ ತೋರಿಸಬೇಕು. ಮೂತ್ರದ ಟೆಸ್ಟ್ ಇನ್ನೂ ಕೆಲವು ವಾರ ಪಾಸಿಟಿವ್ ತೋರಿಸಬಹುದು, ಅದನ್ನು ನೋಡಿ ಗಾಬರಿಯಾಗಿ ಇನ್ನೊಂದು ಕಿಟ್ ತರಬೇಡಿ.

ನೀನು ಮಾಡಬಹುದಾದದ್ದು: ಅವಳ ಜೊತೆ ಹೋಗು. ದುಡ್ಡು ಇಟ್ಟುಕೊ. ಚೀಟಿ ಮಾಡಿಸು, ಹೊರಗೆ ಕೂತಿರು, ಒಳಗೆ ಅವಳ ಬದಲು ನೀನು ಮಾತಾಡಬೇಡ.

ಕರಾವಳಿ_ವಕೀಲೆ

ಕಾನೂನಿನ ಭಾಗ ನಾನು ಹೇಳುತ್ತೇನೆ. ಇದರ ಬಗ್ಗೆ ತಪ್ಪು ತಿಳಿವಳಿಕೆ ತುಂಬಾ ಇದೆ, ಓದಿದವರಲ್ಲೂ.

ಗರ್ಭಪಾತ ನಮ್ಮಲ್ಲಿ 1971ರ ಎಂಟಿಪಿ ಕಾಯ್ದೆಯ ಪ್ರಕಾರ ನಡೆಯುತ್ತದೆ. 2021ರಲ್ಲಿ ತಿದ್ದುಪಡಿ ಆಯಿತು. ಮೊದಲು ಗರ್ಭನಿರೋಧಕ ಕೈಕೊಟ್ಟಿತು ಅನ್ನೋ ಕಾರಣ ಮದುವೆಯಾದವರಿಗೆ ಮಾತ್ರ ಇತ್ತು. "ಮದುವೆಯಾದ ಹೆಣ್ಣು ಅಥವಾ ಆಕೆಯ ಗಂಡ" ಅಂತ ಇದ್ದಲ್ಲಿ ಈಗ "ಯಾವುದೇ ಹೆಣ್ಣು ಅಥವಾ ಆಕೆಯ ಸಂಗಾತಿ" ಅಂತ ಆಗಿದೆ. 20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಡಾಕ್ಟರ್ ಬೇಕು, ಅದೂ ನಿಯಮದಲ್ಲಿ ಹೇಳಿದ ಕೆಲವು ಸಂದರ್ಭಗಳಿಗೆ. ಅದರ ಲಾಭ ಮದುವೆಯಾಗದವರಿಗೂ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿದೆ.

18 ತುಂಬಿದವಳಿಗೆ ಆಕೆಯ ಸಹಿ ಒಂದೇ ಸಾಕು. ಗಂಡ, ಅಪ್ಪ, ಅಮ್ಮ, ಬಾಯ್‌ಫ್ರೆಂಡ್, ಯಾರ ಸಹಿಯೂ ಕಾನೂನಿಗೆ ಬೇಡ. "ಮನೆಯವರನ್ನು ಕರ್ಕೊಂಡು ಬಾ" ಅಂದರೆ "ಮೇಡಂ, ಎಂಟಿಪಿ ಕಾಯ್ದೆಯಲ್ಲಿ ನನ್ನ ಒಪ್ಪಿಗೆ ಮಾತ್ರ ಕೇಳಿದೆ" ಅಂತ ಮೆತ್ತಗೇ, ಆದರೆ ಬಿಡದೆ ಹೇಳಿ. ಆಕೆಯ ಹೆಸರು, ವಿವರ ಹೊರಗೆ ಹೇಳಿದ ಡಾಕ್ಟರಿಗೆ ಅದೇ ಕಾಯ್ದೆಯ 5ಎ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಇದೆ.

ಸ್ಕ್ಯಾನಿಂಗ್‌ಗೆ ಹೋದಾಗ ಆಧಾರ್ ಕೇಳುತ್ತಾರೆ, ಫಾರ್ಮ್ ತುಂಬಿಸುತ್ತಾರೆ. ಹುಡುಗಿಯರು ಅಲ್ಲೇ ಹೆದರಿ ವಾಪಸ್ ಬರುತ್ತಾರೆ. ಅದು ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ 'ಎಫ್' ಫಾರ್ಮ್. ಗರ್ಭಿಣಿಯರ ಸ್ಕ್ಯಾನ್‌ಗೆಲ್ಲ ತುಂಬಲೇಬೇಕು. ಗಂಡನ ಹೆಸರಿನ ಜಾಗದಲ್ಲಿ ತಂದೆ ಅಥವಾ ತಾಯಿಯ ಹೆಸರು ಬರೆಯಬಹುದು. ಸುಳ್ಳು ಗಂಡನ ಹೆಸರು ಹಾಕುವ ಅಗತ್ಯ ಇಲ್ಲ. ಫಾರ್ಮ್ ಮನೆಗೆ ಹೋಗುವುದಿಲ್ಲ.

18 ತುಂಬದವರ ವಿಷಯ ಬೇರೆ. ಅಲ್ಲಿ ಪೋಷಕರು ಅಥವಾ ರಕ್ಷಕರ ಒಪ್ಪಿಗೆ ಬೇಕು, ಪೋಕ್ಸೊ ಕಾಯ್ದೆಯ ಪ್ರಕಾರ ಡಾಕ್ಟರ್ ಪೊಲೀಸರಿಗೆ ತಿಳಿಸಬೇಕು. ಆದರೆ ಹುಡುಗಿ ಅಥವಾ ರಕ್ಷಕರು ಕೇಳಿಕೊಂಡರೆ ಹೆಸರು, ಗುರುತು ಹೇಳಬೇಕಾಗಿಲ್ಲ ಅಂತ ಅದೇ 2022ರ ತೀರ್ಪಿನಲ್ಲಿದೆ. ಪೊಲೀಸ್ ಅನ್ನೋ ಹೆದರಿಕೆಗೆ ನಾಟಿ ಔಷಧಿ ಹುಡುಕಿಕೊಂಡು ಹೋಗಬೇಡಿ.

ಬೀದರ್_ಹುಡುಗ

ಸರಿ. ಸೋಮವಾರ ಜಿಲ್ಲಾ ಆಸ್ಪತ್ರೆಗೆ ಹೋಗುತ್ತೇವೆ. ಇಬ್ಬರೂ.

ಸಿಸ್ಟರ್_ದಾವಣಗೆರೆ

ಒಳ್ಳೆಯದು. ಅಲ್ಲಿಗೆ ಹೋದಾಗ ಇನ್ನೊಂದು ಕೆಲಸ ಮುಗಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಅಂತ ಇರುತ್ತದೆ, ಲೈಂಗಿಕ ಸೋಂಕುಗಳಿಗೆ. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಕೇಂದ್ರವೂ ಇರುತ್ತದೆ, ಉಚಿತ. ಇಬ್ಬರೂ ಮಾಡಿಸಿ. ಕ್ಲಮೈಡಿಯಾದಂಥ ಸೋಂಕು ಹೆಣ್ಣುಮಕ್ಕಳಲ್ಲಿ ಹೆಚ್ಚಿನ ಸಲ ಏನೂ ಲಕ್ಷಣ ತೋರಿಸುವುದಿಲ್ಲ. ಒಳಗೊಳಗೇ ನಾಳಕ್ಕೆ ಹರಡಿ ಗಾಯ ಮಾಡುತ್ತದೆ. ನಾಳದಲ್ಲಿ ಗರ್ಭ ನಿಲ್ಲಲು, ಮುಂದೆ ಮಕ್ಕಳಾಗದಿರಲು ಅದೂ ಒಂದು ಕಾರಣ. ಆಕೆಗೆ ಮಾತ್ರ ಚಿಕಿತ್ಸೆ ಕೊಟ್ಟು ನಿನ್ನನ್ನು ಬಿಟ್ಟರೆ ಸೋಂಕು ಮತ್ತೆ ಅವಳಿಗೇ ಬರುತ್ತದೆ. ಮೂತ್ರ ಉರಿ, ವಾಸನೆಯ ಬಿಳಿ ಸೆರಗು, ಸೇರುವಾಗ ನೋವು, ಆಮೇಲೆ ರಕ್ತ, ಇವನ್ನು ಯಾರೂ "ಹೀಟ್ ಆಗಿದೆ" ಅಂತ ಎಳನೀರು ಕುಡಿದು ಬಿಡಬೇಡಿ.

ಕೆಂಗೇರಿ_ಪಿಜಿ

ಅಪ್‌ಡೇಟ್ ಕೊಡುತ್ತೇನೆ ಅಂದಿದ್ದೆ. ಎರಡು ಟೆಸ್ಟೂ ನೆಗೆಟಿವ್. ಸಿಸ್ಟರ್ ಹೇಳಿದ ಲೆಕ್ಕದಂತೆಯೇ ಮಾಡಿದೆ. ಮುಟ್ಟು ಮಾತ್ರ ಆಗಲೇ ಇಲ್ಲ. ಡೇಟ್ ದಾಟಿ ಮೂರು ವಾರ ಆದಾಗ ಸರ್ಕಾರಿ ಹೆರಿಗೆ ಆಸ್ಪತ್ರೆಯ ಓಪಿಡಿಗೆ ಹೋದೆ.

ಡಾಕ್ಟರ್ ಮೊದಲು ಕೇಳಿದ್ದು ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಅಂತ. ಬರೆದುಕೊಂಡು ಹೋಗಿದ್ದೆ. "ಮ್ಯಾರೀಡಾ?" ಅಂದರು. ಇಲ್ಲ ಅಂದೆ. ಬಾಗಿಲ ಹತ್ತಿರ ನಿಂತಿದ್ದ ಆಯಾಗೆ ಹೊರಗಿರಿ ಅಂತ ಹೇಳಿ, ದನಿ ತಗ್ಗಿಸಿ "ಸಂಬಂಧ ಇದೆಯಾ?" ಅಂತ ಕೇಳಿದರು. ಹೌದು ಅಂದೆ. ತಲೆ ಎತ್ತಿ ನೋಡಲೂ ಇಲ್ಲ, ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ನಾನು ವಾರಗಟ್ಟಲೆ ಹೆದರಿದ್ದ ಗಳಿಗೆ ಅಷ್ಟರಲ್ಲೇ ಮುಗಿಯಿತು.

ತೂಕ ಇಳಿದಿದೆಯಾ, ಜಾಸ್ತಿ ವ್ಯಾಯಾಮವಾ, ಕೂದಲು ಉದುರುತ್ತಾ, ತಲೆನೋವು, ಕಣ್ಣು ಮಂಜಾಗುತ್ತಾ ಅಂತೆಲ್ಲ ಕೇಳಿದರು. ಆಮೇಲೆ "ಎದೆಯಿಂದ ಹಾಲಿನಂಥದ್ದು ಏನಾದರೂ ಬರುತ್ತಾ?" ಅಂದರು. ನನಗೆ ಆಶ್ಚರ್ಯ. ಒಳಉಡುಪಿನ ಮೇಲೆ ಕಲೆ ನೋಡಿದ್ದೆ, ಬೆವರು ಅಂದುಕೊಂಡಿದ್ದೆ. "ದಿನಾ ಯಾವುದಾದರೂ ಮಾತ್ರೆ ತೆಗೆದುಕೊಳ್ತೀಯಾ?" ಇಲ್ಲ ಅಂದೆ. "ಗ್ಯಾಸ್ಟ್ರಿಕ್‌ಗೆ?" ಅಂದರು. ಅದನ್ನು ನಾನು ಮಾತ್ರೆ ಅಂತ ಎಣಿಸಿಯೇ ಇರಲಿಲ್ಲ. ನೈಟ್ ಶಿಫ್ಟ್ ಶುರುವಾದಾಗಿನಿಂದ ಹೊಟ್ಟೆ ಉರಿ, ತಿಂಗಳುಗಟ್ಟಲೆ ದಿನಾ ಒಂದು ಕ್ಯಾಪ್ಸೂಲ್. ಸ್ಟ್ರಿಪ್ ಬ್ಯಾಗಿನಲ್ಲೇ ಇತ್ತು, ಕೊಟ್ಟೆ. ಅವರು ತಿರುಗಿಸಿ ಹಿಂದಿನ ಸಣ್ಣ ಅಕ್ಷರಕ್ಕೆ ಪೆನ್ನಿನಿಂದ ಗೆರೆ ಎಳೆದರು: ಪ್ಯಾಂಟೊಪ್ರಜೋಲ್ ಮತ್ತು ಡಾಂಪೆರಿಡೋನ್. ಈ ಎರಡನೆಯದು ಪ್ರೊಲ್ಯಾಕ್ಟಿನ್ ಏರಿಸುತ್ತದಂತೆ. ಅದು ಹಾಲೂಡಿಸುವ ತಾಯಂದಿರಲ್ಲಿ ಜಾಸ್ತಿ ಇರುವ ಹಾರ್ಮೋನ್. ಏರಿದರೆ ಅಂಡಾಣು ಬರುವುದು ನಿಲ್ಲುತ್ತದೆ, ಮುಟ್ಟೂ ನಿಲ್ಲುತ್ತದೆ.

ರಕ್ತದಲ್ಲಿ ಬೀಟಾ ಎಚ್‌ಸಿಜಿ, ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಬರೆದರು. ಪ್ರೊಲ್ಯಾಕ್ಟಿನ್‌ಗೆ ಎದ್ದ ಕೂಡಲೇ ಓಡಿ ಬರಬೇಡ, ಎದ್ದು ಒಂದೆರಡು ಗಂಟೆ ಬಿಟ್ಟು ಬಾ, ಎದೆ ಹಿಸುಕಿ ನೋಡಿಕೊಳ್ಳಬೇಡ, ಅದರಿಂದಲೂ ಏರುತ್ತದೆ ಅಂದರು. ಗರ್ಭ ಇಲ್ಲ, ಥೈರಾಯ್ಡ್ ಸರಿ ಇದೆ, ಪ್ರೊಲ್ಯಾಕ್ಟಿನ್ ಜಾಸ್ತಿ. ಆ ಕ್ಯಾಪ್ಸೂಲ್ ನಿಲ್ಲಿಸಿದರು. ಕಡಿಮೆಯಾಗದಿದ್ದರೆ ತಲೆಯ ಎಂಆರ್‌ಐ ಮಾಡಿಸೋಣ, ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಇದ್ದರೂ ಹೀಗಾಗುತ್ತದೆ ಅಂದಿದ್ದರು. ಎರಡನೇ ರಿಪೋರ್ಟ್ ಮೊನ್ನೆ ಬಂತು, ನಾರ್ಮಲ್. ನಿನ್ನೆ ಮುಟ್ಟಾಯಿತು. ಮನೆಗೆ ಯಾರೂ ಫೋನ್ ಮಾಡಲಿಲ್ಲ.

ಮಲೆನಾಡ_ಮಳೆ

ಓದಿ ಕಣ್ಣು ತುಂಬಿತು. ನಾನೂ ಈಗಲೇ ಎದ್ದು ನನ್ನ ಗ್ಯಾಸ್ಟ್ರಿಕ್ ಮಾತ್ರೆಯ ಹಿಂದೆ ಏನು ಬರೆದಿದೆ ನೋಡಿದೆ. ನನ್ನದರಲ್ಲಿ ಬರೀ ಪ್ಯಾಂಟೊಪ್ರಜೋಲ್.

ಸಿಸ್ಟರ್_ದಾವಣಗೆರೆ

ತುಂಬಾ ಸಂತೋಷ ಆಯಿತು. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ, ಉದಾಹರಣೆಗೆ ರಿಸ್ಪೆರಿಡೋನ್, ಹೀಗೇ ಆಗುತ್ತದೆ. ಆದರೆ ಅವನ್ನು ಯಾರೂ ತಾವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.

ಇನ್ನು ಮುಂದಕ್ಕೆ ಏನು ಬಳಸಬೇಕು ಅಂತ ಯೋಚಿಸಿ. 72 ಗಂಟೆಯ ಮಾತ್ರೆಯನ್ನು ತಿಂಗಳು ತಿಂಗಳು ನಂಬಿಕೊಳ್ಳುವ ಹಾಗಿಲ್ಲ, ಅದು ದಿನಬಳಕೆಯ ಉಪಾಯಗಳಷ್ಟು ಕೆಲಸ ಮಾಡುವುದಿಲ್ಲ. ಕಾಂಡೋಮ್ ಇರಲಿ, ಸೋಂಕು ತಡೆಯುವುದು ಅದೊಂದೇ. ಜೊತೆಗೆ ಇನ್ನೊಂದು ಇದ್ದರೆ ನಿಶ್ಚಿಂತೆ. ಇನ್ನೂ ಮಕ್ಕಳಾಗಿಲ್ಲದವರಿಗೂ ಕಾಪರ್-ಟಿ ಹಾಕಬಹುದು. ಕಾಂಡೋಮ್ ಹರಿದ ಐದು ದಿನದೊಳಗೆ ಹಾಕಿಸಿದರೆ ಅದು ತುರ್ತು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. 'ಛಾಯಾ' ಮಾತ್ರೆ ಹಾರ್ಮೋನ್ ಅಲ್ಲ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅದರಲ್ಲಿ ಡೇಟ್ ಸ್ವಲ್ಪ ಮುಂದೆ ಹೋಗುವುದುಂಟು. ಯಾವುದು ನಿಮಗೆ ಹೊಂದುತ್ತದೆ ಅಂತ ಅದೇ ಡಾಕ್ಟರನ್ನು ಕೇಳಿ, ಈಗ ಪರಿಚಯವಾಗಿದ್ದಾರಲ್ಲ.

ರಾಣೆಬೆನ್ನೂರು_ರಾಣಿ

ಸಿಸ್ಟರ್, ನನಗೊಂದು ಉತ್ತರ ಕೊಡಿ. ವಯಸ್ಸು 25, ಒಂದು ಮಗು. ಗರ್ಭ ನಿಲ್ಲದಂತೆ ಕೊಡುವ 'ಅಂತರ' ಇಂಜೆಕ್ಷನ್ ಎರಡು ಆಗಿದೆ. ಐದು ತಿಂಗಳಿಂದ ಮುಟ್ಟೇ ಇಲ್ಲ. ಅತ್ತೆ "ಕೆಟ್ಟ ರಕ್ತ ಒಳಗೇ ಸೇರಿದೆ" ಅಂತಾರೆ.

ಸಿಸ್ಟರ್_ದಾವಣಗೆರೆ

ಅಂತರದಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯ. ಒಳಪದರವೇ ತೆಳ್ಳಗಿರುವುದರಿಂದ ಹೊರಗೆ ಹೋಗಲು ಏನೂ ಇರುವುದಿಲ್ಲ, ಹಾಗಾಗಿ ಒಳಗೆ ಯಾವ ರಕ್ತವೂ ಸೇರಿಲ್ಲ. ಮೂರು ತಿಂಗಳಿಗೊಮ್ಮೆ ಸರಿಯಾಗಿ ತೆಗೆದುಕೊಂಡಿದ್ದರೆ ಗರ್ಭದ ಚಿಂತೆ ಬೇಡ. ಮುಂದಿನ ಡೋಸ್‌ನ ತಾರೀಕು ದಾಟಿ ನಾಲ್ಕು ವಾರಕ್ಕಿಂತ ಜಾಸ್ತಿ ಆಗಿದ್ದರೆ ಮೊದಲು ಟೆಸ್ಟ್, ಆಮೇಲೆ ಇಂಜೆಕ್ಷನ್. ಇನ್ನೊಂದು ಮಗು ಬೇಕು ಅಂದಾಗ ಮುಂಚೆಯೇ ನಿಲ್ಲಿಸಿ. ಕೊನೆಯ ಡೋಸ್ ಆದಮೇಲೆ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ನಿಮ್ಮ ಅಂತರ ಕಾರ್ಡ್ ತೆಗೆದು ನೋಡಿ, ಮುಂದಿನ ತಾರೀಕು ಯಾವತ್ತು ಇದೆ?

ರಾಣೆಬೆನ್ನೂರು_ರಾಣಿ

ನೋಡಿದೆ. ಬರುವ ಶುಕ್ರವಾರ. ಹೋಗಿ ಬರುತ್ತೇನೆ, ಅತ್ತೆಯನ್ನೂ ಕರೆದುಕೊಂಡು ಹೋಗಿ ಡಾಕ್ಟರ್ ಬಾಯಿಂದಲೇ ಹೇಳಿಸುತ್ತೇನೆ.